ಉಟ್ಟ ಬಟ್ಟೆಗೆ ರಫೂ

ಹರಿದ ಕೋಟು, ಇಲಿ ಕಡಿದ ಶಾಲು, ಏನೇ ಬರಲಿ, ಎಳೆಗೆ ಎಳೆ ಹೆಣೆದು ತೂತು ಮುಚ್ಚುವ ರಫೂ ಅಮ್ಮನದು ಒಂದೇ ಕಾನೂನು: ಎಳೆ ಕೂಡಿ ಮುಗಿಯುವ ತನಕ ಬಟ್ಟೆ ಯಾರ ಮೈಯನ್ನೂ ಏರಕೂಡದು. ಗಿರಾಕಿ ಎಷ್ಟೇ ಗೋಗರೆದರೂ, ಜಪ್ಪಯ್ಯ ಅಂದರೂ ಆಕೆ ಕೊಡುತ್ತಿರಲಿಲ್ಲ.

ಗಂಡನಿಗೆ ಹೃದಯಾಘಾತವಾದಾಗಲೂ ಅದೇ ಕಾನೂನು ಜಾರಿಗೆ ಬಂತು. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದ ಡ್ರಿಲ್ ಮೇಷ್ಟ್ರು ಮೂರು ವಾರದಿಂದ ಹಾಸಿಗೆಯಲ್ಲೇ ಇದ್ದರು. ದಿನಕ್ಕೆರಡು ಸಲ ಹತ್ತು ನಿಮಿಷ ನಡಿಗೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಬರೆಯುವವರಿಗೇನು ಎಂದು ಆಕೆ ಆ ಚೀಟಿಯನ್ನು ಮಡಚಿ ಸೂಜಿಡಬ್ಬಿಯ ಕೆಳಗೆ ಸೇರಿಸಿದ್ದರು. ಮೊದಮೊದಲು ನಡೆಯುತ್ತೇನೆಂದು ಹಟ ಹಿಡಿದ ಮೇಷ್ಟ್ರು ಆಮೇಲೆ ತೆಪ್ಪಗಾದರು. ಊಟವೂ ಅರ್ಧಕ್ಕರ್ಧ ಇಳಿಯಿತು.

ನೋಡಲು ಬಂದ ರಫೂ ಅಮ್ಮನ ತಂಗಿಯ ಮಗಳು ಮೇಷ್ಟ್ರ ಸೊರಗಿದ ಕಾಲು ಕಂಡು ಗಾಬರಿಯಾದಳು. ಹೃದಯದ ಸ್ನಾಯುವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ಕೆಲಸ. ದೊಡ್ಡಮ್ಮನನ್ನು ಅಡುಗೆಮನೆಗೆ ಕರೆದಳು.

"ಯಾಕೆ ದೊಡ್ಡಮ್ಮ ಮಲಗಿಸಿಬಿಟ್ಟಿದೀರ?"

"ಒಳಗೆ ಎಳೆ ಕೂಡ್ತಾ ಇರುತ್ತಲ್ಲೇ. ಜಗ್ಗಿದ್ರೆ ಬಿಟ್ಕೊಳ್ಳುತ್ತೆ."

"ಪೆಟ್ಟು ಬಿದ್ದ ಕಡೆ ಕಲೆ ಕಟ್ಟುತ್ತೆ, ಅದು ಹಾಗೇ ಉಳಿಯುತ್ತೆ. ಮಿಕ್ಕ ಎಳೆಗಳೆಲ್ಲ ಪ್ರೋಟೀನಿಂದಾನೇ ಆಗಿರೋದು. ಸವೆದದ್ದು ಒಂದೊಂದೇ ಕಳಚುತ್ತೆ, ಆ ಜಾಗಕ್ಕೆ ಹೊಸದು ಬಂದು ಕೂರುತ್ತೆ. ಹೊಸದು ಸೊಟ್ಟಗಿದ್ರೆ ಮಡಚಿ ಸರಿಮಾಡೋಕೂ ಬೇರೆ ಪ್ರೋಟೀನ್‌ಗಳಿವೆ. ಇದೆಲ್ಲಾ ಹೃದಯ ಬಡೀತಾ ಇರೋವಾಗ್ಲೇ ಆಗೋದು. ಹಿತವಾಗಿ ನಡೆದ್ರೆ ಅದಕ್ಕೆ ಒಳ್ಳೇದೇ."

"ಉಟ್ಟ ಬಟ್ಟೆಗೇ ರಫೂನಾ!"

ಅಂಥ ಕೈ ತನಗಿಲ್ಲವಲ್ಲ ಎಂದು ರಫೂ ಅಮ್ಮನಿಗೆ ಹೊಟ್ಟೆಕಿಚ್ಚೇ ಆಯಿತು. ಅದರ ಬೆನ್ನಿಗೇ ಸೂಜಿಡಬ್ಬಿಯ ಕೆಳಗಿನ ಚೀಟಿ ನೆನಪಾಗಿ ನಾಚಿಕೆಯೂ ಆಯಿತು.

ಸಂಜೆ ಚಪ್ಪಲಿ ತಂದು ಮಂಚದ ಬಳಿ ಇಟ್ಟರು. "ಏಳ್ರೀ, ಗೇಟಿನ ತನಕ ಹೋಗಿ ಬರೋಣ."

ಮೇಷ್ಟ್ರು ಚಪ್ಪಲಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. ಆಕೆಯ ತೋಳು ಹಿಡಿದು ಎದ್ದರು. ಗೇಟು ಮುಟ್ಟುವಷ್ಟರಲ್ಲಿ ದಣಿವಾಯಿತು. ಕಂಬಿ ಹಿಡಿದು ನಿಂತರು. ಕಣ್ಣು ತುಂಬಿತ್ತು.

"ನೋವಾಗ್ತಿದೆಯೇನ್ರೀ?"

"ಇಲ್ಲ ಕಣೇ. ನೀನು ‘ಏಳಬೇಡಿ, ಏಳಬೇಡಿ’ ಅಂದಾಗೆಲ್ಲ, ನಾನಿನ್ನು ಉಳಿಯಲ್ಲ ಅಂತ ಡಾಕ್ಟರು ನಿನ್ನ ಹತ್ರ ಹೇಳಿರಬೇಕು ಅಂದ್ಕೊಂಡಿದ್ದೆ. ಅದನ್ನ ನಿನ್ನ ಬಾಯಲ್ಲಿ ಹೇಳಿಸೋದು ಬೇಡ ಅಂತ ಸುಮ್ನಿದ್ದೆ."