ದೊರೆಯ ಎಡಗಾಲು

“ಆ ಮೂಗು ತೊಳಿಯೋಕೆ ನಿಮ್ಮಪ್ಪ ಎದ್ದು ಬರ್ತಾನೇನೇ, ಮುದಿ ಗೂಬೆ?”

ಮೇಸ್ತ್ರಿ ಕೆಳಗಿನಿಂದ ಕೂಗಿದಾಗ ಮುದುಕಿ ಏಣಿಯ ತುದಿಯಲ್ಲಿ ನಿಂತು, ದೊರೆಯ ಕಂಚಿನ ಕಿವಿಯಿಂದ ಪಾರಿವಾಳದ ಹಿಕ್ಕೆ ಕೆರೆಯುತ್ತಿದ್ದಳು. ಚೌಕದ ಆ ಪ್ರತಿಮೆಯನ್ನು ಹನ್ನೊಂದು ವರ್ಷದಿಂದ ದಿನಾ ತೊಳೆಯುವವಳು ಅವಳೊಬ್ಬಳೇ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ್ದರಿಂದ ಆ ಕಿವಿಯೊಂದಿಗೇ ಅವಳ ಮಾತುಕತೆ. ಕೇಳುತ್ತಿದ್ದುದು ಒಂದೇ: ನನ್ನ ಮಗ ಎಲ್ಲಿ?

ಮಗ ಕ್ಷೌರದಂಗಡಿಯಲ್ಲಿ ಕೂತು, ರೇಡಿಯೋ ಭಾಷಣಕ್ಕೆ ಮೊದಲು ದೊರೆ ಕೆಮ್ಮುವ ಕೆಮ್ಮನ್ನು ಹಾಗೇ ಕೆಮ್ಮಿ ತೋರಿಸಿದ್ದ. ಏಳು ಜನ ನಕ್ಕರು, ಎಂಟನೆಯವನು ಬರೆದುಕೊಂಡ. ಮಗನನ್ನು ಹಿಡಿದೊಯ್ದ ಮೇಲೆ ನೆರೆಯವರು ಅವಳೆದುರು ನಿಜವಾದ ಕೆಮ್ಮು ಬಂದರೂ ನುಂಗಿಕೊಂಡು ಹೋಗುತ್ತಿದ್ದರು.

ಕೆಳಗಿಳಿದವಳು, ಪ್ರತಿಮೆಯ ತಲೆಗೆ ಹೊಯ್ದ ನೀರು ಎಡಹಿಮ್ಮಡಿಯಿಂದ ಕೆಂಪಗೆ ಸೋರುವುದನ್ನು ಮೇಸ್ತ್ರಿಗೆ ತೋರಿಸಿದಳು. ಒಳಗಿನ ಕಬ್ಬಿಣದ ಸರಳು ತುಕ್ಕು ತಿಂದಿದೆ ಎಂದಳು.

“ಬಾಯಿ ಮುಚ್ಚೇ ಮುಂಡೆ. ದೊರೆ ಕಾಲು ಕೊಳೀತಿದೆ ಅಂತ ನಾನ್ ಹೋಗಿ ಹೇಳ್ಲಾ? ನನ್ ಕಾಲು ಮುರೀತಾರೆ.”

ಹಿಮ್ಮಡಿಗೆ ಮೂರು ಸಲ ಬಣ್ಣ ಬಳಿಸಿದ. ಅವನ ಮೇಲಿನವನಿಗೆ, ಆ ಮೇಲಿನವನ ಮೇಲಿನವನಿಗೆ, ಕಡೆಗೆ ದೊರೆಗೂ ಎಲ್ಲ ಗಟ್ಟಿಯಾಗಿದೆ ಎಂಬ ವರದಿಯೇ ಹೋಯಿತು.

ವರ್ಷ ತಿರುಗುವಷ್ಟರಲ್ಲಿ ಕಾರ್ಖಾನೆಗಳು ನಿಂತವು. ಗುಂಡು ಹಾರಿಸಿ ಎಂದರೆ ಸಿಪಾಯಿಗಳು ಕಿವುಡರಾದರು. ದೊರೆ ಹಿಂಬಾಗಿಲಿನಿಂದ ಓಡಿದ. ಜನ ಚೌಕಕ್ಕೆ ನುಗ್ಗಿ ಪ್ರತಿಮೆಯ ಕೊರಳಿಗೆ ಹಗ್ಗ ಬಿಗಿದು ಎಳೆದರು. ಹಗ್ಗ ಹರಿಯಿತು, ಕೊರಳು ಅಲುಗಲಿಲ್ಲ.

“ಕೊರಳು ಬಿಡ್ರಪ್ಪಾ,” ಎಂದಳು ಮುದುಕಿ. “ಎಡಗಾಲಿಗೆ ಹೊಡೀರಿ. ತೊಳ್ದೋಳು ನಾನು, ನಂಗೊತ್ತು.”

ಸುತ್ತಿಗೆಯ ಎರಡನೇ ಏಟಿಗೆ ದೊರೆ ಮಕಾಡೆ ಬಿದ್ದ. ಜನ ಕುಣಿಯುತ್ತಿದ್ದಾಗ ಅವಳು ಜೈಲಿನ ಬಾಗಿಲಿಗೆ ನಡೆದಳು. ಮೂರು ದಿನ, ಹೊರಬಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು. ಕೊನೆಯವನೂ ಬಂದ ಮೇಲೆ ಕಾವಲಿನವನು, ಒಳಗೆ ಯಾರೂ ಇಲ್ಲಮ್ಮ, ಬೇಕಾದರೆ ನೋಡು ಎಂದ. ಒಂದೊಂದೇ ಕೋಣೆ ಹೊಕ್ಕು ನೋಡಿದಳು.

ಮರುದಿನ ಚೌಕದಲ್ಲಿ ಅದೇ ಮೇಸ್ತ್ರಿ, ತೋಳಿಗೆ ಹೊಸ ಬಣ್ಣದ ಪಟ್ಟಿ ಕಟ್ಟಿಕೊಂಡು, ಬರಿದಾದ ಪೀಠವನ್ನು ಟೇಪು ಹಿಡಿದು ಅಳೆಯುತ್ತಿದ್ದ. ಹೊಸ ನಾಯಕರ ಪ್ರತಿಮೆ ಇನ್ನೂ ಎರಡಡಿ ಎತ್ತರವಂತೆ. ಈಗ ಅವನ ಮಾತಲ್ಲಿ ಬೆಣ್ಣೆ.

“ಅಮ್ಮಾ, ಪೀಠ ಒಂದ್ಸಲ ತೊಳ್ದ್ಬಿಡಮ್ಮ.”

ಅವಳು ಏಣಿ ಹತ್ತಿ, ಪೀಠದ ನಟ್ಟನಡುವೆ ಕಾಲು ಚಾಚಿ ಕೂತಳು. ಮೇಸ್ತ್ರಿ ಇಳಿ ಎಂದ, ಬೈದ, ಕಡೆಗೆ ಬೇಡಿಕೊಂಡ.

“ನನ್ ಮಗ ಬರ್ಲಿ, ಇಳೀತೀನಿ,” ಎಂದಳು. “ಅಲ್ಲೀವರೆಗೂ ಈ ಜಾಗ ಖಾಲಿ ಇಲ್ಲ.”