ಫೆರ್ಮಿನನ ಹಗ್ಗ

ನನ್ನ ಅಳಿಯ ರುತೀಲಿಯೊ ಉತ್ತರದ ಚಿವಾವಾ ಸೀಮೆಯವನು. ಅಲ್ಲಿಯವರು ಹೋರಿ ಹಿಡಿಯುವ ಹಗ್ಗದ ತುದಿಯನ್ನು ಜೀನಿನ ಮುಂತುದಿಯಲ್ಲಿ ಎದ್ದುನಿಂತ ಮರದ ಕೊಂಬಿಗೆ ಬಿಗಿದು ಗಂಟು ಹಾಕುತ್ತಾರೆ. ನಮ್ಮ ಹಾಲಿಸ್ಕೋದಲ್ಲಿ ಅಂಥವನನ್ನು ಯಾರೂ ಸವಾರನೆನ್ನುವುದಿಲ್ಲ. ಕುಣಿಕೆ ಬಿದ್ದೊಡನೆ ನಾವು ಹಗ್ಗವನ್ನು ಕೊಂಬಿಗೆ ಎರಡು ಸುತ್ತು ಸುತ್ತಿ, ಹೊಗೆಯೇಳುವಂತೆ ಜಾರಲು ಬಿಟ್ಟು, ಹೋರಿಯನ್ನು ಮೆಲ್ಲಗೆ ನಿಲ್ಲಿಸುತ್ತೇವೆ.

ತೊರ್ಕಾಸಾ ನನ್ನ ಮಗ ಫೆರ್ಮಿನನ ಹೆಣ್ಣುಕುದುರೆ. ಮೊದಲ ಪಾಠ ಅವನದೇ. ಕಳೆದ ವರ್ಷ ಉಪವಾಸದ ದಿನಗಳಲ್ಲಿ ದೇವರು ಅವನನ್ನು ಕರೆದುಕೊಂಡ ಮೇಲೆ ಉಳಿದದ್ದನ್ನು ನಾನು ಕಲಿಸಿದೆ. ದಿನವೂ ಜಪಮಾಲೆ ಮುಗಿಸಿ ಲಾಯಕ್ಕೆ ಹೋಗುತ್ತಿದ್ದೆ. ಮೊದಲು ಒಣ ದಿಮ್ಮಿ ಎಳೆಸಿದೆ, ಆಮೇಲೆ ಕರುಗಳನ್ನು. ಭಾರ ಬಿದ್ದಾಗ ಹಿಂಗಾಲು ಊರಿ ನಿಲ್ಲುವುದನ್ನೂ ಹಗ್ಗ ಸಡಿಲವಾದಾಗ ಒಂದು ಹೆಜ್ಜೆ ಹಿಂದೆ ಸರಿಯುವುದನ್ನೂ ಅದು ಕಲಿಯಿತು. ಹಗ್ಗವೆಂದರೆ ಜಾರುವ ವಸ್ತುವೆಂದೇ ಅದು ನಂಬಿತ್ತು.

ಕರುಗಳಿಗೆ ಕಾದ ಕಬ್ಬಿಣದ ಮುದ್ರೆ ಹಾಕುವ ದಿನ ರುತೀಲಿಯೊ ತೊರ್ಕಾಸಾದ ಲಗಾಮು ಹಿಡಿದ.

"ಇವತ್ತು ಇವಳ ಮೇಲೆ ನಾನು ಕೂರ್ತೀನಿ, ಮಾವ. ನೀವು ಬೆರಳು ಎಣಿಸ್ಕೊಂಡು ನೆರಳಲ್ಲಿ ಕೂತ್ಕೊಳ್ಳಿ."

ದೊಡ್ಡಿಯ ಬೇಲಿಯ ಮೇಲೆ ಕುಳಿತವರು ನಕ್ಕರು. ಇಪ್ಪತ್ತು ವರ್ಷಗಳ ಹಿಂದೆ ಕೊಂಬಿಗೆ ಸುತ್ತಿದ ಹಗ್ಗದ ನಡುವೆ ಸಿಕ್ಕಿ ನನ್ನ ಬಲಗೈ ಹೆಬ್ಬೆರಳು ಹೋಗಿತ್ತು.

"ಒಂಬತ್ತಿದೆ ಕಣಯ್ಯ. ನನ್ನ ಕೈಯಲ್ಲಿ ಒಂದು ಕುದುರೇನೂ ಕೆಟ್ಟಿಲ್ಲ."

"ಆ ದೊಡ್ಡ ಹೋರಿನ ನಿಲ್ಲಿಸಿದ್ರೆ ಇವಳು ನನ್ನೋಳು. ಸರೀನಾ?"

"ಹತ್ತಪ್ಪ, ಅಳಿಯದೇವ್ರು. ಎಲ್ರೂ ನೋಡ್ಲಿ."

ಅವನು ಗೂಟದಲ್ಲಿದ್ದ ಫೆರ್ಮಿನನ ಹಗ್ಗವನ್ನೇ ಎಳೆದುಕೊಂಡ. ನನ್ನ ಮಗ ಒಂದು ಚಳಿಗಾಲವಿಡೀ ಕತ್ತಾಳೆಯ ನಾರು ಹೊಸೆದು ಮಾಡಿದ ಹಗ್ಗ ಅದು. ಅದನ್ನು ಜೀನಿನ ಕೊಂಬಿಗೆ ಗಂಟು ಹಾಕಿದ. ಕುದುರೆಗೆ ಗಂಟಿನ ಜಗ್ಗು ತಿಳಿಯದು ಎಂದು ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರೆದುರು ಅವನು ಮಣ್ಣು ಮುಕ್ಕಲಿ ಎಂದುಕೊಂಡೆ. ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ಅದೇ ಬೆಳಿಗ್ಗೆ ಬೇಡಿಕೊಂಡಿದ್ದ ಬಾಯಿ ನನ್ನದು.

ಕುಣಿಕೆ ಹೋರಿಯ ಕೊಂಬುಗಳಿಗೆ ಸರಿಯಾಗಿ ಬಿತ್ತು. ತೊರ್ಕಾಸಾ ಕಲಿತಂತೆಯೇ ಹಿಂಗಾಲು ಊರಿ, ಹಗ್ಗ ಜಾರುವುದನ್ನು ಕಾಯುತ್ತ ನಿಂತಿತು. ಹಗ್ಗ ಜಾರಲಿಲ್ಲ. ಒಂದೇ ಜಗ್ಗಿಗೆ ಕುದುರೆಯ ಮೊಣಕಾಲು ನೆಲಕ್ಕೆ ಬಡಿಯಿತು. ಎದ್ದು, ಹೆದರಿ, ಗಿರ್ರನೆ ತಿರುಗಿತು. ಹೋರಿ ಅದರ ಹಿಂದಿನಿಂದ ಸುತ್ತಿ ಓಡಿತು. ಹಗ್ಗ ಕುದುರೆಯ ಹಿಂಭಾಗಕ್ಕೂ ರುತೀಲಿಯೊನ ತೊಡೆಗೂ ಸುತ್ತಿಕೊಂಡಿತು.

"ಮಾವಾ! ಗಂಟು ಬಿಚ್ತಿಲ್ಲ! ಮಾವಾ!"

ನಾನು ಓಡಿದೆ. ಚಾಕು ಹಿಡಿಯಲು ನಾಲ್ಕು ಬೆರಳು ಸಾಕಾದವು. ಮಗನ ಹಗ್ಗವನ್ನು ನಾನೇ ಕತ್ತರಿಸಿದೆ. ಅರ್ಧ ಹಗ್ಗ ಹೋರಿಯ ಹಿಂದೆ ಹೋಯಿತು.

ರುತೀಲಿಯೊ ಕುಂಟುತ್ತ ಬಂದು ನನ್ನೆದುರು ನಿಂತ.

"ನಿಮಗೆ ಗೊತ್ತಿತ್ತು."

"ಹೌದು, ಗೊತ್ತಿತ್ತು."

"ಥೂ, ದಿನಾ ಜಪಮಾಲೆ ಬೇರೆ ಹಿಡೀತೀರಿ!"

ಆಮೇಲೆ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿದೆ. ಅವನ ಬಳಿ ಕ್ಷಮೆ ಕೇಳು ಎಂದರು. ಇನ್ನೂ ಕೇಳಿಲ್ಲ. ಅವನೂ ನನ್ನ ಮುಖ ನೋಡುವುದಿಲ್ಲ, ಕುದುರೆಯನ್ನೂ ಕೇಳುವುದಿಲ್ಲ.

ಈಗ ಹಗ್ಗ ಬೀಸಿದ ಸದ್ದಿಗೇ ತೊರ್ಕಾಸಾ ಬೆವರುತ್ತದೆ. ಉಳಿದ ಅರ್ಧ ಹಗ್ಗ ಹಿಡಿದು ಒಣ ದಿಮ್ಮಿಯಿಂದ ಮತ್ತೆ ಶುರುಮಾಡಿದ್ದೇನೆ. ದಿಮ್ಮಿ ಅಲುಗಿದರೆ ಸಾಕು, ಅದು ತಿರುಗಿ ನನ್ನ ಕೈಯನ್ನೇ ನೋಡುತ್ತದೆ.