ಮಾತ್ರೆ ಮುಗಿಯುವ ತನಕ ಪಥ್ಯ

ಗಂಜಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಹೂಗ್ಯಂ ಹಳ್ಳಿಯ ರಾಚಮ್ಮನಿಗೆ ಹೊಟ್ಟೆ ತೊಳಸುತ್ತಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ನುಚ್ಚು ಕದಡಿದ ಬೂದಿಬಣ್ಣದ ಲೋಳೆ. ಎಚ್‌ಐವಿಯಿಂದ ಗಂಡ ಸತ್ತು, ಅವಳಿಗೂ ಅದೇ ಇದೆಯೆಂದು ತಿಳಿದು ಮಾತ್ರೆ ಶುರುವಾದ ದಿನವೇ ಅತ್ತೆ ಶಿವನಂಜಮ್ಮ ಪಥ್ಯ ಹಿಡಿಸಿದ್ದಳು. ಔಷಧಿ ಮುಗಿಯುವ ತನಕ ಮೊಟ್ಟೆ, ಬಾಡು, ಅವರೆ, ಹುರುಳಿ ಮುಟ್ಟುವಂತಿಲ್ಲ. ಕಾಮಾಲೆಗೆ ಬೇರಿನ ಔಷಧಿ ಕುಡಿದವರೆಲ್ಲ ಹಾಗೇ ಇದ್ದದ್ದು. ಆದರೆ ಈ ಮಾತ್ರೆ ಸಾಯುವ ತನಕ ನುಂಗುವಂಥದ್ದು. ವರ್ಷಗಳು ಉರುಳಿದರೂ ಪಥ್ಯಕ್ಕೂ ಕೊನೆಯಿರಲಿಲ್ಲ.

ಅವಳು ಸಾಕಿದ ಕೋಳಿಯ ಮೊಟ್ಟೆಯೆಲ್ಲ ಮೈದುನ ನಿಂಗರಾಜುವಿನ ತಟ್ಟೆಗೆ. ಹಳದಿ ಮೆತ್ತಿದ ಬೆರಳು ಚೀಪುತ್ತ, "ಅತ್ಗೆ, ನಿನ್ ಬಾಯಲ್ಲಿ ನೀರ್ ಬಂದದು, ಆ ಕಡೆ ತಿರುಕ್ಕೊ" ಎಂದು ನಗುವನು.

ಈ ಸಲ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರ್ ಮಾಲಿನಿ ರಕ್ತದ ರಿಪೋರ್ಟನ್ನು ಎರಡೆರಡು ಸಲ ತಿರುವಿ ನೋಡಿದರು.

"ಮಾತ್ರೆ ತಪ್ಪಿಸಿಲ್ಲ ನೀವು, ವೈರಸ್ಸು ಹತೋಟಿಗೆ ಬಂದಿದೆ. ಆದ್ರೆ ರೋಗ ತಡೆಯೋ ಕಣಗಳು ಮೇಲಕ್ಕೇ ಬರ್ತಿಲ್ಲ. ಕ್ಷಯನೂ ಇಲ್ಲ. ಏನು ಊಟ ಮಾಡ್ತೀರಿ?"

"ಗಂಜಿ ಕಣವ್ವ. ಮಾತ್ರೆ ಅಂದ್ಮೇಲೆ ಪಥ್ಯ ಇರಲ್ವಾ?"

"ಇಷ್ಟು ವರ್ಷವೂ ಗಂಜಿನೇನಾ?" ಡಾಕ್ಟರ ಮುಖ ಹುಳಿ ಕಡಿದಂತಾಯಿತು. "ಈ ಮಾತ್ರೆಗೆ ಪಥ್ಯ ಇಲ್ಲಮ್ಮ. ಬೇರೆ ಕಾರಣಾನೂ ಇರ್ಬಹುದು, ಹುಡುಕೋಣ. ಆದ್ರೆ ಉಪವಾಸದ ಮೈ ಏನಿಟ್ಕೊಂಡು ಚೇತರಿಸ್ಕೊಳ್ಳುತ್ತೆ? ಮೊಟ್ಟೆ, ಕಾಳು, ಸೊಪ್ಪು ತಿನ್ನಿ. ಹಿಂಗೇ ಇದ್ರೆ ಒಂದು ಜ್ವರ ಬಂದ್ರೂ ತಡ್ಕೊಳಲ್ಲ."

ಊರಿನ ಬಸ್ಸು ಹನೂರು ದಾಟುವಾಗ ಅವಳು ಗಂಜಿ ಕುಡಿದ ವರ್ಷಗಳನ್ನು ಬೆರಳು ಮಡಿಚಿ ಎಣಿಸುತ್ತಿದ್ದಳು.

ಮನೆಯ ಕೊಟ್ಟಿಗೆಯಲ್ಲಿ ಅವಳ ತಗಡಿನ ತಟ್ಟೆ ಕಾಯುತ್ತಿತ್ತು. ಗಂಜಿಯ ಕೆನೆಯಲ್ಲಿ ನೊಣವೊಂದು ಕಾಲಾಡಿಸುತ್ತಿತ್ತು. ರಾಚಮ್ಮ ಅದನ್ನು ನಾಯಿಯ ಮುಂದೆ ಸುರಿದಳು. ನಾಯಿ ಮೂಸಿ ಎದ್ದುಹೋಯಿತು. ಅವಳು ಅಡುಗೆಮನೆಗೆ ನಡೆದು ಹೆಂಚಿನ ಮೇಲೆ ಮೊಟ್ಟೆ ಒಡೆದಳು.

ಅತ್ತೆ ಓಡಿಬಂದು ಕೈ ಹಿಡಿದಳು. "ಬ್ಯಾಡ ಕಣವ್ವ. ಪಥ್ಯ ಕೆಟ್ರೆ ಮಾತ್ರೆ ಇಸ ಆಯ್ತದೆ. ನನ್ ಮಗ ಪಥ್ಯ ಮಾಡ್ನಿಲ್ಲ, ಅದ್ಕೇ ಸತ್ತೋದ."

"ಅವ್ರು ಮಾತ್ರೆನೇ ನುಂಗ್ನಿಲ್ಲ ಅತ್ತೆ. ತಿಪ್ಪೆಗೆ ಎಸೀತಿದ್ರು, ನಾನೇ ಕಂಡಿವ್ನಿ."

ಮುದುಕಿಯ ಕೈ ಸಡಿಲವಾಯಿತು.

ವಾಸನೆ ಹಿಡಿದು ನಿಂಗರಾಜು ತಟ್ಟೆಯೊಂದಿಗೆ ಬಂದು ಕೂತ. "ನಂಗೆಲ್ಲಿ?"

"ಆ ಕಡೆ ತಿರುಕ್ಕೊ ಕಣ್ಲಾ."

ಮೊದಲ ತುತ್ತಿಗೇ ರುಚಿ ಮರೆತ ಹೊಟ್ಟೆ ಓಕರಿಸಿತು. ರಾಚಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆ ಅದನ್ನು ಒಳಕ್ಕೇ ನುಂಗಿದಳು. ಮತ್ತೆ ತಟ್ಟೆಗೆ ಕೈಹಾಕಿದಳು.